ಅಮ್ಮನ ಸೊಂಟದ ಮೂಳೆ ಮುರಿದಿದೆ, ನಾಳೆಯೇ ಆಪರೇಷನ್ ಅಂತಾರೆ, ನೆಂಟರು ಬೇಡ ಅಂತಾರೆ. ಏನು ಮಾಡಲಿ?

ಬಸರಾಳು ರಸ್ತೆ · ಸೋಮವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಮಂಡ್ಯದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 74 ವರ್ಷ. ಇವತ್ತು ಬೆಳಿಗ್ಗೆ ಐದೂವರೆಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ನಾನು ಓಡಿ ಹೋಗಿ ನೋಡಿದಾಗ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು, ಪಾದ ಪೂರ್ತಿ ಹೊರಗಡೆಗೆ ವಾಲಿತ್ತು. ಮುಟ್ಟಿದರೆ ಸಾಕು, ಕೂಗಿಕೊಳ್ಳುತ್ತಿದ್ದರು. ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದೆವು.

ಎಕ್ಸ್‌ರೇ ಆಯಿತು. ತೊಡೆಮೂಳೆಯ ಕತ್ತು ಮುರಿದು ಜರುಗಿದೆಯಂತೆ. "ಬಾಲ್ ಬದಲಾಯಿಸಬೇಕು, ನಾಳೆ ಮಧ್ಯಾಹ್ನವೇ ಮಾಡೋಣ" ಎಂದರು ಡಾಕ್ಟರು. ಅಮ್ಮನಿಗೆ ಶುಗರ್, ಬಿಪಿ ಎರಡೂ ಇದೆ. ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ.

ದೊಡ್ಡಪ್ಪ, ಸೋದರಮಾವ ಇಬ್ಬರೂ ಬೇಡವೇ ಬೇಡ ಅನ್ನುತ್ತಿದ್ದಾರೆ. "ಈ ವಯಸ್ಸಿನಲ್ಲಿ ಕುಯ್ಯಿಸಬೇಡ ಕಣಪ್ಪ. ಜ್ಞಾನ ತಪ್ಪಿಸಿದರೆ ಎದ್ದೇಳ್ತಾಳೋ ಇಲ್ಲವೋ. ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸೋಣ, ಮೂರು ತಿಂಗಳು ಮಲಗಿದ್ದರೆ ತಾನಾಗಿಯೇ ಕೂಡಿಕೊಳ್ಳುತ್ತೆ" ಅಂತ. ಸಹಿ ಹಾಕಬೇಕಾದವನು ನಾನು. ಬೆಳಿಗ್ಗೆ ಎಂಟಕ್ಕೆ ಉತ್ತರ ಹೇಳಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಪಟ್ಟಣದ ಸೊಸೆ · ರಾತ್ರಿ 8:52

ಸಹಿ ಹಾಕಿ ಅಣ್ಣಾ. ಎರಡನೇ ಯೋಚನೆ ಬೇಡ.

ನಮ್ಮ ಅತ್ತೆಗೂ ಇದೇ ಆಗಿತ್ತು, 2016ರಲ್ಲಿ. ನಾವು ಹೆದರಿ ಮನೆಗೆ ಕರೆದುಕೊಂಡು ಬಂದೆವು. ಕಾಲಿಗೆ ಇಟ್ಟಿಗೆ ಕಟ್ಟಿ ಮಂಚದಿಂದ ಕೆಳಗೆ ಇಳಿಬಿಟ್ಟಿದ್ದೆವು. ಮೊದಲ ವಾರ ನೋವು ಕಮ್ಮಿಯಾಯಿತು ಅಂದುಕೊಂಡೆವು. ಮೂರನೇ ವಾರ ಬೆನ್ನಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪಾಯಿತು. ಹತ್ತು ದಿನದಲ್ಲಿ ಅದು ಅಂಗೈ ಅಗಲದ ಹುಣ್ಣಾಯಿತು. ನೀರಿನ ಹಾಸಿಗೆ ತಂದೆವು, ದಿನಕ್ಕೆ ಎರಡು ಸಲ ತೊಳೆದೆವು. ಮಗ್ಗುಲು ತಿರುಗಿಸಲು ಹೋದರೆ ಮುರಿದ ಕಾಲು ಅಲ್ಲಾಡಿ ಅವರು ಚೀರುತ್ತಿದ್ದರು. ಅದಕ್ಕೇ ನಾವು ತಿರುಗಿಸುವುದನ್ನೇ ಕಮ್ಮಿ ಮಾಡಿದೆವು. ಕೊನೆಗೆ ಎದೆಯಲ್ಲಿ ಕಫ ಕಟ್ಟಿತು. ನಾಲ್ಕನೇ ತಿಂಗಳಿಗೆ ಹೋಗಿಬಿಟ್ಟರು.

ಮೂಳೆ ಮುರಿದಿದ್ದಕ್ಕೆ ಹೋಗಲಿಲ್ಲ ಅವರು. ಮಲಗಿಸಿದ್ದಕ್ಕೆ ಹೋದರು.

ನಾಗಮಂಗಲದವನು · ರಾತ್ರಿ 9:05

ಎಲ್ಲರೂ ಒಂದೇ ಸಲ ಆಪರೇಷನ್ ಅಂತ ಹಾರಬೇಡಿ. 1998ರಲ್ಲಿ ಎತ್ತಿನಗಾಡಿಯಿಂದ ಬಿದ್ದು ನನ್ನ ಮಣಿಕಟ್ಟು ಮುರಿದಿತ್ತು. ನಮ್ಮೂರ ಪಕ್ಕದ ನಾಟಿ ವೈದ್ಯರು ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ, ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಕಟ್ಟಿದರು. ಆರು ವಾರಕ್ಕೆ ಬಿಚ್ಚಿದರು. ಈಗಲೂ ಅದೇ ಕೈಯಲ್ಲಿ ಕಬ್ಬು ಕಡಿಯುತ್ತೇನೆ. ದುಡ್ಡೂ ತೆಗೆದುಕೊಳ್ಳಲಿಲ್ಲ, ಎಲೆ ಅಡಿಕೆ ಇಟ್ಟು ಬಂದೆವು. ತಲೆತಲಾಂತರದಿಂದ ಬಂದಿರುವ ವಿದ್ಯೆ ಅದು. ದೊಡ್ಡವರು ಹೇಳುವುದನ್ನು ಸುಮ್ನೆ ತಳ್ಳಿಹಾಕಬೇಡಿ.

ಮೂಳೆ ಪಿಜಿ · ರಾತ್ರಿ 9:31

ಮೈಸೂರಿನಲ್ಲಿ ಮೂಳೆ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಎರಡನೇ ವರ್ಷ.

ನಾಗಮಂಗಲದವರೇ, ನಿಮ್ಮ ಕೈ ಸರಿಹೋಗಿದ್ದು ನಿಜ, ನಾನು ಅಲ್ಲಗಳೆಯಲ್ಲ. ಜರುಗದ ಮಣಿಕಟ್ಟನ್ನು ಅಲ್ಲಾಡದ ಹಾಗೆ ಹಿಡಿದಿಟ್ಟರೆ ಅದು ಕೂಡಿಕೊಳ್ಳುತ್ತೆ. ದಬ್ಬೆ ಆದರೂ ಅಷ್ಟೇ, ಪ್ಲಾಸ್ಟರ್ ಆದರೂ ಅಷ್ಟೇ. ಕೂಡಿಸುವುದು ಮೂಳೆಯೇ.

ಆದರೆ ತೊಡೆಮೂಳೆಯ ಕತ್ತು ಬೇರೆ ಲೆಕ್ಕ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇದೆ, ಅದು ಸೊಂಟದ ಬಟ್ಟಲಿನೊಳಗೆ ಕೂತು ತಿರುಗುತ್ತೆ. ಆ ಗುಂಡಿಗೆ ರಕ್ತ ಹೋಗುವ ಸಣ್ಣ ನಾಳಗಳು ಹೆಚ್ಚಿನವು ಕತ್ತಿಗೆ ಅಂಟಿಕೊಂಡೇ ಮೇಲೆ ಹೋಗುತ್ತವೆ. ಕತ್ತು ಮುರಿದು ಜರುಗಿದರೆ ಆ ನಾಳಗಳೂ ಹರಿಯುತ್ತವೆ. ನೀರು ಬರುವುದು ನಿಂತುಹೋದ ಗದ್ದೆಯ ಹಾಗೆ ಗುಂಡು ಒಣಗುತ್ತೆ. ವಯಸ್ಸಾದವರಲ್ಲಿ ಅದು ಕೂಡುವ ಸಂಭವ ತುಂಬಾ ಕಮ್ಮಿ. ಅದಕ್ಕೇ ಗುಂಡನ್ನು ತೆಗೆದು ಲೋಹದ್ದು ಹಾಕುವುದು.

ಇದಕ್ಕಿಂತ ಸ್ವಲ್ಪ ಕೆಳಗೆ, ಬುಡದಲ್ಲಿ ಮುರಿದಿದ್ದರೆ ಅಲ್ಲಿ ರಕ್ತ ಚೆನ್ನಾಗಿರುತ್ತೆ, ಮೂಳೆ ಕೂಡುತ್ತೆ. ಅದಕ್ಕೆ ಒಳಗೆ ರಾಡ್ ಹಾಕುತ್ತಾರೆ. ಅಲ್ಲೂ ರಾಡ್ ಹಾಕುವುದು ಮುಖ್ಯವಾಗಿ ಬೇಗ ಎಬ್ಬಿಸಿ ಕೂರಿಸುವುದಕ್ಕೆ. ಮಲಗಿಸಿಟ್ಟರೆ ಏನಾಗುತ್ತೆ ಅಂತ ಮೇಲೆ ಅಕ್ಕ ಹೇಳಿದ್ದಾರಲ್ಲ.

ಇನ್ನು ನಾಟಿ ಕಟ್ಟಿನ ಬಗ್ಗೆ ನನಗೆ ನಿಜವಾಗಿ ಹೆದರಿಕೆ ಇರುವುದು ಒಂದೇ ವಿಷಯಕ್ಕೆ, ಬಿಗಿ. ಮೊಣಕೈ ಹತ್ತಿರ ಮುರಿದ ಮಕ್ಕಳಿಗೆ ಬಿಗಿಯಾಗಿ ಕಟ್ಟಿ ಕಳಿಸುತ್ತಾರೆ. ಒಳಗೆ ಬಾವು ಏರುತ್ತೆ, ರಕ್ತ ಓಡಾಡಲ್ಲ, ಕೆಲವೇ ಗಂಟೆಯಲ್ಲಿ ಮಾಂಸ ಸಾಯಲು ಶುರುವಾಗುತ್ತೆ. ಕಟ್ಟು ಹಾಕಿದ ಮೇಲೆ ನೋವು ಜಾಸ್ತಿಯಾಗುತ್ತಾ ಹೋದರೆ, ಬೆರಳು ನೀಟಾಗಿ ಬಿಡಿಸಲು ಹೋದಾಗ ಮಗು ಚೀರಿದರೆ, ಅದು ನಾಟಿ ಕಟ್ಟಾಗಲಿ ಆಸ್ಪತ್ರೆಯ ಪ್ಲಾಸ್ಟರಾಗಲಿ, ಆ ರಾತ್ರಿಯೇ ಬಿಚ್ಚಿಸಿ. ಬೆಳಗಾಗಲಿ ಅಂತ ಕಾಯಬೇಡಿ.

ಎಕ್ಸ್‌ರೇ ರೂಮಿನಿಂದ · ರಾತ್ರಿ 9:48

17 ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ. ಗಿಡ್ಡವಾದ ಕಾಲು, ಹೊರಗೆ ವಾಲಿದ ಪಾದ ಅಂದಿರಲ್ಲ, ಸ್ಟ್ರೆಚರ್ ಬಾಗಿಲು ದಾಟುವಾಗಲೇ ನಮಗೆ ಗೊತ್ತಾಗಿಬಿಡುತ್ತೆ.

ಕಷ್ಟ ಬರುವುದು ಉಲ್ಟಾ ಕೇಸಿನಲ್ಲಿ. ಬಿದ್ದಿರುತ್ತಾರೆ, ನಡೆದುಕೊಂಡೇ ಬರುತ್ತಾರೆ, ತೊಡೆಸಂದಿಯಲ್ಲಿ ನೋವು ಅಂತಾರೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. "ಉಳುಕು, ಮನೆಗೆ ಹೋಗಿ" ಅಂತ ಕಳಿಸಿದರೆ ವಾರ ಬಿಟ್ಟು ಪೂರ್ತಿ ಮುರಿದುಕೊಂಡು ಬರುತ್ತಾರೆ. ಕೂದಲಿನಷ್ಟು ಸಣ್ಣ ಬಿರುಕು ಎಕ್ಸ್‌ರೇಗೆ ಕಾಣದೆ ಇರಬಹುದು. ಅದಕ್ಕೆ ಎಂಆರ್‌ಐ ಬೇಕು. ಬಿರುಕಿನ ಸುತ್ತ ಮಜ್ಜೆಯಲ್ಲಿ ನೀರು ಸೇರಿರುತ್ತದಲ್ಲ, ಅದು ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುತ್ತೆ. ಎಂಆರ್‌ಐ ಸಿಗದ ಕಡೆ ಸಿಟಿ ಸ್ಕ್ಯಾನ್. ವಯಸ್ಸಾದವರು ಬಿದ್ದು, ಕಾಲೂರಲು ಆಗದೆ, ಎಕ್ಸ್‌ರೇ ಸರಿಯಾಗಿದೆ ಎಂದರೂ ಅಷ್ಟಕ್ಕೇ ಬಿಡಬೇಡಿ.

ಇನ್ನೊಂದು. ಮುರಿದಿರಬಹುದು ಅನ್ನುವ ಕಾಲನ್ನು ಎಕ್ಸ್‌ರೇಗೆ ಅಂತ ಯಾರೂ ಬಲವಂತವಾಗಿ ಒಳಕ್ಕೆ ತಿರುಗಿಸಬಾರದು. ಪಕ್ಕದ ನೋಟಕ್ಕೆ ಇನ್ನೊಂದು ಕಾಲನ್ನು ಎತ್ತಿ ಹಿಡಿದು, ಅಡ್ಡದಿಂದ ಕಿರಣ ಬಿಡುತ್ತೇವೆ. ರೋಗಿ ಅಲ್ಲಾಡಬೇಕಿಲ್ಲ.

ಬಸರಾಳು ರಸ್ತೆ · ರಾತ್ರಿ 10:10

ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ರೇ ಸ್ಪಷ್ಟವಾಗಿದೆ, ಪಿಜಿ ಸಾರ್ ಹೇಳಿದ ಹಾಗೆ ಗುಂಡಿನ ಕೆಳಗೇ ಮುರಿದಿದೆ. ಮಾವನ ಭಯ ಇರುವುದು ಅನಸ್ತೇಸಿಯಾ ಬಗ್ಗೆ. ಸ್ಟೆಂಟ್ ಇರುವುದರಿಂದ ಆಸ್ಪಿರಿನ್ ನುಂಗುತ್ತಾರೆ. ಅದನ್ನು ನಿಲ್ಲಿಸಿ ಒಂದು ವಾರ ಕಾಯಬೇಕಾ? ನೋವಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ಆದರೂ ನರಳುತ್ತಿದ್ದಾರೆ. ಪಕ್ಕದಲ್ಲಿ ಕೂತು ಕೇಳಲು ಆಗುತ್ತಿಲ್ಲ.

ಓಟಿ ಅಕ್ಕ · ರಾತ್ರಿ 10:22

ಅಪ್ಪಾ, ನಾನು ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಅನಸ್ತೇಸಿಯಾ ಡಾಕ್ಟರ ಜೊತೆ ಕೆಲಸ ಮಾಡುವವಳು. ಮೊದಲು ಈಗಲೇ ಎದ್ದು ಡ್ಯೂಟಿ ಡಾಕ್ಟರ ಹತ್ತಿರ ಹೋಗಿ "ತೊಡೆಸಂದಿಗೆ ನರದ ಬ್ಲಾಕ್ ಕೊಡಲು ಆಗುತ್ತಾ" ಅಂತ ಕೇಳು. ಸ್ಕ್ಯಾನಿಂಗ್ ಮೆಷಿನ್ ನೋಡಿಕೊಂಡು ನರದ ಸುತ್ತ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಹತ್ತಿಪ್ಪತ್ತು ನಿಮಿಷದಲ್ಲಿ ನೋವು ಇಳಿಯುತ್ತೆ, ಅಮಲು ಬರಿಸುವ ಇಂಜೆಕ್ಷನ್ ಕಮ್ಮಿ ಸಾಕಾಗುತ್ತೆ. ಅಮ್ಮ ನಿದ್ದೆ ಮಾಡಲಿ.

ಆಸ್ಪಿರಿನ್ ಒಂದಕ್ಕಾಗಿ ಸಾಮಾನ್ಯವಾಗಿ ಕಾಯುವುದಿಲ್ಲ. ಬೇರೆ ರಕ್ತ ತೆಳುವಾಗುವ ಮಾತ್ರೆ ಇದ್ದರೆ ಲೆಕ್ಕ ಬೇರೆ. ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್ ಎಲ್ಲಾ ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸು. ನೀನಾಗಿ ಯಾವುದನ್ನೂ ನಿಲ್ಲಿಸಬೇಡ.

ಇನ್ನು ಜ್ಞಾನ ತಪ್ಪಿಸುವುದು. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದೂ ಇದೆ, ಅಮ್ಮ ಎಚ್ಚರವಾಗಿಯೇ ಇರಬಹುದು. ಯಾವುದು ವಾಸಿ ಅಂತ ಅಮೆರಿಕ, ಕೆನಡಾದಲ್ಲಿ ಸೊಂಟ ಮುರಿದ 1600 ಜನರ ಮೇಲೆ ಪರೀಕ್ಷೆ ಮಾಡಿದರು, 2021ರಲ್ಲಿ ಫಲಿತಾಂಶ ಬಂತು. 60 ದಿನದ ಹೊತ್ತಿಗೆ ನಡೆಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಅಮ್ಮನ ಹೃದಯ ನೋಡಿ ಅಲ್ಲಿನ ಡಾಕ್ಟರು ಒಂದು ಆರಿಸುತ್ತಾರೆ. ಮಾವನಿಗೆ ಹೇಳು, ಎರಡೂ ದಾರಿ ಚೆನ್ನಾಗಿಯೇ ಸವೆದಿರುವ ದಾರಿ.

ಕುಕ್ಕರಹಳ್ಳಿ ವಾಕರ್ · ರಾತ್ರಿ 10:40

ಆರು ಗಂಟೆಯೊಳಗೆ ಮಾಡದಿದ್ದರೆ ಸಾವು ಜಾಸ್ತಿ ಅಂತ ಸಂಶೋಧನೆ ಇದೆ. ಬೆಳಿಗ್ಗೆ ಬಿದ್ದವರಿಗೆ ನಾಳೆ ಮಧ್ಯಾಹ್ನ ಅಂದರೆ ಏನರ್ಥ? ಈಗಲೇ ಮೈಸೂರಿಗೆ ಕರೆದುಕೊಂಡು ಬನ್ನಿ.

ಮೂಳೆ ಪಿಜಿ · ರಾತ್ರಿ 10:51

ಸಾರ್, ದಯವಿಟ್ಟು ಹಾಗೆ ಹೆದರಿಸಬೇಡಿ. ನೀವು ಹೇಳುವ ಅಧ್ಯಯನ ನಾನೂ ಓದಿದ್ದೇನೆ. 2020ರಲ್ಲಿ ಬಂದಿದ್ದು, 17 ದೇಶ, 69 ಆಸ್ಪತ್ರೆ, 2970 ರೋಗಿಗಳು. ಭಾರತವೂ ಇತ್ತು. ಒಂದು ಗುಂಪಿಗೆ ಪತ್ತೆಯಾದ ಸುಮಾರು ಆರು ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು ಒಂದು ದಿನದಲ್ಲಿ ಆಪರೇಷನ್ ಮಾಡಿದರು. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರು ಬೇಗ ಎದ್ದು ನಿಂತರು, ಅವರಿಗೆ ಬುದ್ಧಿ ಗಲಿಬಿಲಿಯಾಗುವುದು, ಉರಿಮೂತ್ರದ ಸೋಂಕು ಕಮ್ಮಿ ಇತ್ತು.

ಅಂದರೆ ಸುಮ್ನೆ ದಿನ ತಳ್ಳಬಾರದು. ಹಾಗಂತ ರಾತ್ರಿ ಹನ್ನೊಂದಕ್ಕೆ ಮುರಿದ ಕಾಲು ಕಟ್ಟಿಕೊಂಡು ಊರೂರು ಸುತ್ತುವುದೂ ಬೇಡ. ಸೇರಿಸಿದ ದಿನ ಅಥವಾ ಮಾರನೇ ದಿನ ಮಾಡಿ ಅಂತಲೇ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತೆ. ಇವರ ಡಾಕ್ಟರು ಹೇಳಿರುವುದು ಅದೇ ಲೆಕ್ಕ. ಚೆನ್ನಾಗಿದೆ.

ಕುಕ್ಕರಹಳ್ಳಿ ವಾಕರ್ · ರಾತ್ರಿ 10:58

ಸರಿ, ತಿದ್ದಿಕೊಂಡೆ. ನಾನು ಅರ್ಧ ಓದಿದ್ದೆ.

ಗಾಂಧಿನಗರ ಮಂಡ್ಯ · ರಾತ್ರಿ 11:04

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಬೆಳಿಗ್ಗೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಹಿಡಿಯಿರಿ. ರೇಷನ್ ಕಾರ್ಡ್, ಆಧಾರ್ ಎರಡೂ ತನ್ನಿ. ಡಿಸ್ಚಾರ್ಜ್ ದಿನ ಕೇಳಿದರೆ ಏನೂ ಆಗಲ್ಲ, ನಮಗೆ ಹಾಗೇ ಕೈತಪ್ಪಿತು.

ಸರಸ್ವತಿಪುರಂ · ರಾತ್ರಿ 11:15

ರೋಬೋ ಇರುವ ಕಡೆ ಮಾಡಿಸಿ. ನಮ್ಮ ಚಿಕ್ಕಮ್ಮ ಮಂಡಿಗೆ ಮಾಡಿಸಿಕೊಂಡರು, ಮೂರನೇ ದಿನಕ್ಕೆ ಮೆಟ್ಟಿಲು ಹತ್ತಿದರು.

ಮೂಳೆ ಪಿಜಿ · ರಾತ್ರಿ 11:23

ಮುರಿದ ಗುಂಡು ಬದಲಾಯಿಸಲು ರೋಬೋಗಾಗಿ ಕಾಯುವ ಅಗತ್ಯ ಇಲ್ಲ ಮೇಡಂ. ಮಂಡಿಗೆ ರೋಬೋ ಮೂಳೆಯನ್ನು ಅಳತೆಗೆ ಸರಿಯಾಗಿ ಕೊಯ್ಯಲು ಸಹಾಯ ಮಾಡುತ್ತೆ, ನಿಜ. ಆದರೆ ಕೊರಿಯಾದಲ್ಲಿ ಹಳೇ ತಲೆಮಾರಿನ ರೋಬೋದಿಂದ ಮಾಡಿದ ಮಂಡಿಗಳನ್ನೂ ಕೈಯಲ್ಲೇ ಮಾಡಿದ ಮಂಡಿಗಳನ್ನೂ ಹತ್ತು ವರ್ಷಕ್ಕೂ ಮೀರಿ ನೋಡಿದಾಗ, ನೋವಿನಲ್ಲಾಗಲಿ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಚಿಕ್ಕಮ್ಮ ಮೂರನೇ ದಿನ ಹತ್ತಿದ್ದು ಅವರ ಛಲ, ಒಳ್ಳೆಯ ಡಾಕ್ಟರು, ಒಳ್ಳೆಯ ಫಿಸಿಯೋ.

ಬೆಟ್ಟದ ಪಾದ · ರಾತ್ರಿ 11:30

ಮಂಡಿ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ನನಗೆ 58. ಪ್ರತಿ ಆಷಾಢ ಶುಕ್ರವಾರ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ, ಈಗ ನಂದಿಯವರೆಗೂ ಆಗಲ್ಲ. ಎಂಆರ್‌ಐ ಮಾಡಿಸಿದರೆ ಮಂಡಿಯೊಳಗಿನ ಗಾದಿ ಹರಿದಿದೆ, ಸವೆತ ಇದೆ, ದುರ್ಬೀನು ಹಾಕಿ ಕ್ಲೀನ್ ಮಾಡೋಣ ಎಂದರು. ಮಾಡಿಸಬಹುದಾ?

ಮೂಳೆ ಪಿಜಿ · ರಾತ್ರಿ 11:44

ಇನ್ನೊಬ್ಬ ಡಾಕ್ಟರನ್ನೂ ಕೇಳಿ ಸಾರ್. ಸವೆದ ಮಂಡಿಗೆ ಈ ಕ್ಲೀನಿಂಗ್ ಬಗ್ಗೆ 2002ರಲ್ಲೇ ಅಮೆರಿಕದ ಹ್ಯೂಸ್ಟನ್‌ನಲ್ಲಿ ದೊಡ್ಡ ಪರೀಕ್ಷೆ ಆಯಿತು. 180 ಜನ. ಕೆಲವರಿಗೆ ನಿಜವಾದ ಕ್ಲೀನಿಂಗ್, ಕೆಲವರಿಗೆ ಚರ್ಮ ಮಾತ್ರ ಕುಯ್ದು ಹೊಲಿಗೆ ಹಾಕಿದರು. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರು. ಎರಡೂ ಗುಂಪಿಗೆ ಒಂದೇ ಥರ. 2013ರಲ್ಲಿ ಫಿನ್ಲೆಂಡಿನವರು ಹರಿದ ಗಾದಿಯ ಮೇಲೂ ಹೀಗೇ ಪರೀಕ್ಷೆ ಮಾಡಿದರು. ಸವೆತ ಇಲ್ಲದ ಮಂಡಿಗಳಲ್ಲೇ ಮಾಡಿದ್ದು ಅದು. ಅಲ್ಲೂ ವ್ಯತ್ಯಾಸ ಇಲ್ಲ. ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲೇ ಆಗದಿದ್ದರೆ ಮಾತು ಬೇರೆ.

ಎಂಆರ್‌ಐ ರಿಪೋರ್ಟಿನಲ್ಲಿ ಬರೆದಿರುವುದೆಲ್ಲ ನೋವಿಗೆ ಕಾರಣ ಅಲ್ಲ. ಬೆನ್ನಿನದು ತೆಗೆದುಕೊಳ್ಳಿ. ಯಾವ ನೋವೂ ಇಲ್ಲದ 3110 ಜನರ ಸ್ಕ್ಯಾನ್ ಒಟ್ಟುಮಾಡಿ 2015ರಲ್ಲಿ ಲೆಕ್ಕ ಹಾಕಿದರು. 20 ವರ್ಷದವರಲ್ಲೇ 37% ಜನರಿಗೆ ಡಿಸ್ಕ್ ಸವೆತ, 80 ದಾಟಿದವರಲ್ಲಿ 96%. ಇವರಲ್ಲಿ ಯಾರಿಗೂ ಬೆನ್ನು ನೋವೇ ಇರಲಿಲ್ಲ! ತಲೆ ನೆರೆತ ಹಾಗೆ ಅದೂ. ಡಾಕ್ಟರು ಮುಟ್ಟಿ, ಬಗ್ಗಿಸಿ, ನಡೆಸಿ ನೋಡಬೇಕು. ಬರೀ ಫಿಲ್ಮ್ ನೋಡಿ ಕುಯ್ಯಬಾರದು.

ಎಕ್ಸ್‌ರೇ ರೂಮಿನಿಂದ · ರಾತ್ರಿ 11:50

ಈ ಮಾತಿಗೆ ನನ್ನದೂ ಒಂದು ಓಟು. ಎಷ್ಟೋ ಜನ ಡಾಕ್ಟರನ್ನು ನೋಡುವ ಮೊದಲೇ "ಒಂದು ಎಂಆರ್‌ಐ ಮಾಡಿಬಿಡಿ" ಅಂತ ಬರುತ್ತಾರೆ. ಆಮೇಲೆ ರಿಪೋರ್ಟ್ ಓದಿ ನಿದ್ದೆಗೆಡುತ್ತಾರೆ.

ಪಟ್ಟಣದ ಸೊಸೆ · ರಾತ್ರಿ 11:55

ಮಂಡಿ, ಬೆನ್ನು ಎಲ್ಲಾ ಆಮೇಲೆ ಮಾತಾಡೋಣ. ಆ ಅಣ್ಣ ಬೆಳಿಗ್ಗೆ ಎಂಟಕ್ಕೆ ಉತ್ತರ ಹೇಳಬೇಕು. ಬ್ಲಾಕ್ ಕೊಟ್ಟರಾ?

ಬಸರಾಳು ರಸ್ತೆ · ಮಂಗಳವಾರ, ನಸುಕು 12:35

ಕೊಟ್ಟರು. ಅನಸ್ತೇಸಿಯಾ ಮೇಡಂ ತಾವೇ ಬಂದರು. ಅಮ್ಮ ಈಗ ಮಲಗಿದ್ದಾರೆ. ಬೆಳಿಗ್ಗೆಯಿಂದ ಹಾಸಿಗೆಯ ಕಂಬಿ ಬಿಗಿಯಾಗಿ ಹಿಡಿದುಕೊಂಡಿದ್ದ ಕೈ ಈಗ ಸಡಿಲವಾಗಿದೆ. ಓಟಿ ಅಕ್ಕ, ನಿಮ್ಮ ಋಣ ಮರೆಯಲ್ಲ.

ಇನ್ನೊಂದೇ ಪ್ರಶ್ನೆ. "ಅರ್ಧ ಕೀಲು, ಸಿಮೆಂಟ್ ಹಾಕಿ ಕೂರಿಸುತ್ತೇವೆ" ಎಂದಿದ್ದಾರೆ. ಮೈಯೊಳಗೆ ಸಿಮೆಂಟಾ ಅಂತ ದೊಡ್ಡಪ್ಪ ಕೂಗಾಡುತ್ತಿದ್ದಾರೆ. ಅರ್ಧ ಯಾಕೆ, ಪೂರ್ತಿ ಯಾಕಲ್ಲ?

ಮೂಳೆ ಪಿಜಿ · ನಸುಕು 12:58

ನಾನು ಡ್ಯೂಟಿಯಲ್ಲೇ ಇದ್ದೇನೆ, ಹೇಳುತ್ತೇನೆ.

ಅದು ಮನೆ ಕಟ್ಟುವ ಸಿಮೆಂಟ್ ಅಲ್ಲ. ಹಲ್ಲಿನ ಸೆಟ್ ಮಾಡುತ್ತಾರಲ್ಲ, ಆ ಜಾತಿಯ ಅಕ್ರಿಲಿಕ್. ಪುಡಿ ಮತ್ತು ದ್ರವ ಕಲಸಿದರೆ ಮುದ್ದೆಯ ಹಿಟ್ಟಿನ ಹಾಗೆ ಮೆತ್ತಗಾಗಿ, ಹತ್ತು ಹದಿನೈದು ನಿಮಿಷದಲ್ಲಿ ಕಲ್ಲಾಗುತ್ತೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ಇವತ್ತಿನ ಸೊಂಟದ ಕೀಲಿಗೆ ಬುನಾದಿಯಾದ ಆಪರೇಷನ್ ಮಾಡಿದಾಗಲೂ ಇದನ್ನೇ ಬಳಸಿದ್ದು. ವಯಸ್ಸಾದವರ ಮೂಳೆ ತೆಳುವಾಗಿ, ಒಳಗೆ ಟೊಳ್ಳು ಅಗಲವಾಗಿರುತ್ತೆ. ಸಿಮೆಂಟ್ ಇಲ್ಲದೆ ಬಿಗಿಯಾಗಿ ಹೊಡೆದು ಕೂರಿಸಿದರೆ ಮೂಳೆಯೇ ಸೀಳಬಹುದು. ಬ್ರಿಟನ್ನಿನಲ್ಲಿ 1225 ಜನರ ಮೇಲೆ ಎರಡನ್ನೂ ಹೋಲಿಸಿದರು, 2022ರಲ್ಲಿ ಬಂತು. ಸಿಮೆಂಟ್ ಹಾಕಿದವರಲ್ಲಿ ಕೀಲಿನ ಸುತ್ತ ಮೂಳೆ ಮುರಿದಿದ್ದು 0.5%, ಹಾಕದವರಲ್ಲಿ 2.1%. ಜೀವನವೂ ಸಿಮೆಂಟ್ ಗುಂಪಿನವರಿಗೇ ಸ್ವಲ್ಪ ವಾಸಿಯಾಗಿತ್ತು. ಸಿಮೆಂಟ್ ತುಂಬುವ ಹೊತ್ತಿನಲ್ಲಿ ಕೆಲವರಿಗೆ ಬಿಪಿ ಇಳಿಯುವುದುಂಟು, ಅದಕ್ಕೆ ಅನಸ್ತೇಸಿಯಾದವರು ತಯಾರಾಗಿ ನಿಂತಿರುತ್ತಾರೆ.

ಅರ್ಧ ಅಂದರೆ ಗುಂಡು ಮಾತ್ರ ಬದಲು, ಬಟ್ಟಲು ಅಮ್ಮನದೇ. ಪೂರ್ತಿ ಅಂದರೆ ಬಟ್ಟಲೂ ಬದಲು. ಹೊತ್ತು ಜಾಸ್ತಿ, ರಕ್ತ ಜಾಸ್ತಿ. 10 ದೇಶದ 1495 ರೋಗಿಗಳನ್ನು ಎರಡು ವರ್ಷ ನೋಡಿದ ಅಧ್ಯಯನ 2019ರಲ್ಲಿ ಬಂತು. ಮತ್ತೆ ಆಪರೇಷನ್ ಬೇಕಾಗುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ತುಂಬಾ ಓಡಾಡುವ, ಗಟ್ಟಿ ಆರೋಗ್ಯ ಇರುವವರಿಗೆ ಪೂರ್ತಿ ಯೋಚಿಸಬಹುದು. ಸ್ಟೆಂಟ್ ಇರುವ ಅಮ್ಮನಿಗೆ ಅರ್ಧ ಎಂದಿರುವುದು ನನಗೆ ಸರಿ ಅನ್ನಿಸುತ್ತೆ.

ನಾಗಮಂಗಲದವನು · ಬೆಳಿಗ್ಗೆ 6:20

ರಾತ್ರಿಯೆಲ್ಲಾ ಓದಿದೆ. ಗುಂಡಿಗೆ ರಕ್ತ ನಿಲ್ಲುವ ವಿಷಯ ನನಗೆ ಗೊತ್ತಿರಲಿಲ್ಲ. ಕೈ ಬೇರೆ, ಸೊಂಟ ಬೇರೆ, ಒಪ್ಪಿದೆ. ಡಾಕ್ಟರುಗಳು ನಮಗೂ ಹೀಗೆ ಕೂತು ಬಿಡಿಸಿ ಹೇಳಿದರೆ ಜನ ಯಾಕೆ ಬೇರೆ ಕಡೆ ಹೋಗುತ್ತಾರೆ ಹೇಳಿ. ಎರಡು ನಿಮಿಷ ಚೀಟಿ ಬರೆದು ಮುಂದಿನವರನ್ನು ಕರೆಯುತ್ತಾರೆ. ನಾಟಿ ವೈದ್ಯರು ಕೂರಿಸಿ, ಕೈ ಹಿಡಿದು, ಊರು ಯಾವುದು, ಬೆಳೆ ಏನು ಅಂತ ಕೇಳುತ್ತಾರೆ. ಅದೂ ಚಿಕಿತ್ಸೆಯೇ.

ಮೂಳೆ ಪಿಜಿ · ಬೆಳಿಗ್ಗೆ 6:34

ನೂರಕ್ಕೆ ನೂರು ಒಪ್ಪುತ್ತೇನೆ ಅಣ್ಣಾ. ಒಂದು ಹೊತ್ತಿನ ಓಪಿಡಿಯಲ್ಲಿ ಕ್ಯೂ ಬಾಗಿಲು ದಾಟಿ ಹೊರಗೆ ನಿಂತಿರುತ್ತೆ. ಆದರೂ ಅದು ನೆಪ ಆಗಬಾರದು.

ಬಸರಾಳು ರಸ್ತೆ · ಬೆಳಿಗ್ಗೆ 8:15

ಸಹಿ ಹಾಕಿದೆ. ಈ ಉತ್ತರಗಳನ್ನು ದೊಡ್ಡಪ್ಪನಿಗೆ ಜೋರಾಗಿ ಓದಿ ಹೇಳಿದೆ. ಪಟ್ಟಣದ ಅಕ್ಕ ಬರೆದಿದ್ದು ಕೇಳಿ ಅವರು ಏನೂ ಮಾತಾಡಲಿಲ್ಲ. ಆಮೇಲೆ ತಾವೇ ಹೋಗಿ ರಕ್ತ ಕೊಡುವವರನ್ನು ಇಬ್ಬರನ್ನು ಕರೆತಂದರು.

ಗಾಂಧಿನಗರ ಮಂಡ್ಯ · ಬೆಳಿಗ್ಗೆ 8:30

ಕಾರ್ಡ್ ಮರೀಬೇಡಿ.

ಹೈವೇ ಪಕ್ಕ · ಬೆಳಿಗ್ಗೆ 9:10

ಅಮ್ಮ ಬೇಗ ಹುಷಾರಾಗಲಿ. ನೀವು ಕಾಯುವಾಗ ಓದಲಿ ಅಂತ ನಮ್ಮ ಮನೆಯದು ಹೇಳುತ್ತೇನೆ. ತಮ್ಮನಿಗೆ ಬೈಕ್ ಆಕ್ಸಿಡೆಂಟಿನಲ್ಲಿ ಮೊಣಕಾಲ ಕೆಳಗಿನ ಮೂಳೆ ಪುಡಿಯಾಗಿ, ಕೀವು ಹಿಡಿದು, ನಾಲ್ಕು ಸೆಂಟಿಮೀಟರ್ ಕತ್ತರಿಸಿ ತೆಗೆದರು. ಕಾಲೇ ಹೋಯಿತು ಅಂದುಕೊಂಡಿದ್ದೆವು. ಸುತ್ತ ಉಂಗುರ, ತಂತಿ ಹಾಕುವ ಇಲಿಜಾರೊವ್ ಚೌಕಟ್ಟು ಹಾಕಿದರು. ರಷ್ಯಾದ ಸೈಬೀರಿಯಾದ ಕುರ್ಗಾನ್ ಅನ್ನುವ ಊರಿನ ಡಾಕ್ಟರು ಕಂಡುಹಿಡಿದಿದ್ದಂತೆ. ಮೂಳೆ ನಿಧಾನಕ್ಕೆ ಜರುಗಿ ಆ ಜಾಗದಲ್ಲಿ ಹೊಸ ಮೂಳೆ ಬೆಳೆಯಲಿ ಅಂತ ದಿನಕ್ಕೆ ನಾಲ್ಕು ಸಲ ಸ್ಪ್ಯಾನರಿನಲ್ಲಿ ನಟ್ಟು ತಿರುಗಿಸಬೇಕು, ಸಲಕ್ಕೆ ಕಾಲು ಮಿಲಿಮೀಟರ್, ದಿನಕ್ಕೆ ಒಂದು. ಆ ಕೆಲಸ ನಮ್ಮಮ್ಮನದು. ಪ್ರತಿ ಸಲ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದರು. ಎಕ್ಸ್‌ರೇಯಲ್ಲಿ ಮೊದಲು ಮೋಡದ ಹಾಗೆ ಕಂಡಿದ್ದು ಆಮೇಲೆ ಮೂಳೆಯೇ ಆಯಿತು. ಹನ್ನೊಂದು ತಿಂಗಳು ಹಿಡಿಯಿತು. ಈಗ ಅವನು ನಡೆಯುತ್ತಾನೆ.

ಬಸರಾಳು ರಸ್ತೆ · ಮಂಗಳವಾರ, ಸಂಜೆ 5:50

ಆಪರೇಷನ್ ಮುಗಿಯಿತು. ಒಳಗೆ ಒಂದೂವರೆ ಗಂಟೆ. ಬೆನ್ನಿಗೇ ಇಂಜೆಕ್ಷನ್ ಕೊಟ್ಟಿದ್ದು. ಹೊರಗೆ ಬಂದಾಗ ಕಣ್ಣು ಬಿಟ್ಟು "ಹಸುಗೆ ಹುಲ್ಲು ಹಾಕಿದ್ರಾ" ಎಂದರು.

ಓಟಿ ಅಕ್ಕ · ಸಂಜೆ 6:02

ಸದ್ಯ. ರಾತ್ರಿ ಪಕ್ಕದಲ್ಲೇ ಇರು.

ಬಸರಾಳು ರಸ್ತೆ · ಬುಧವಾರ, ರಾತ್ರಿ 2:40

ಯಾರಾದರೂ ಎಚ್ಚರ ಇದ್ದೀರಾ? ಅಮ್ಮ ಒಂದೂವರೆಯಿಂದ ಏನೇನೋ ಮಾತಾಡುತ್ತಿದ್ದಾರೆ. "ನಾಲೆ ನೀರು ಬಿಟ್ಟಿದ್ದಾರೆ, ಮಡೆ ತಿರುಗಿಸಬೇಕು, ಬಿಡು ನನ್ನ" ಅಂತ ಎದ್ದು ಹೋಗಲು ನೋಡುತ್ತಾರೆ. ನನ್ನ ಗುರುತು ಸಿಗುತ್ತಿಲ್ಲ, ಅಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಅಪ್ಪ ಹೋಗಿ ಹತ್ತು ವರ್ಷ ಆಯಿತು. ತಲೆಗೆ ಏನಾದರೂ ಆಯಿತಾ? ತಪ್ಪು ಮಾಡಿಬಿಟ್ಟೆನಾ?

ಓಟಿ ಅಕ್ಕ · ರಾತ್ರಿ 2:51

ತಪ್ಪಲ್ಲ ಅಪ್ಪಾ. ಮೊದಲು ನರ್ಸಿಗೆ ಹೇಳು, ಆಕ್ಸಿಜನ್, ಶುಗರ್, ಬಿಪಿ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಎಲ್ಲಾ ನೋಡಲಿ. ವಯಸ್ಸಾದವರಿಗೆ ಸೊಂಟದ ಆಪರೇಷನ್ ಆದ ಮೇಲೆ ಹೀಗೆ ಬುದ್ಧಿ ಗಲಿಬಿಲಿಯಾಗುವುದು ತುಂಬಾ ಸಾಮಾನ್ಯ. ಹೆಚ್ಚಿನವರಿಗೆ ಕೆಲವು ದಿನದಲ್ಲಿ ಇಳಿಯುತ್ತೆ. ಕೈಕಾಲು ಕಟ್ಟಲು ಬಿಡಬೇಡ, ಕಟ್ಟಿದರೆ ಇನ್ನೂ ಜಾಸ್ತಿಯಾಗುತ್ತೆ.

ಒಂದು ಲೈಟ್ ಹಾಕು. ಕನ್ನಡಕ ಹಾಕಿಸು. ಕಿವಿಯ ಮೆಷಿನ್ ಇದ್ದರೆ ಅದನ್ನೂ. ವಾದ ಮಾಡಬೇಡ, ಅಪ್ಪ ಇಲ್ಲ ಅಂತ ಹೇಳಬೇಡ. ಕೈ ಹಿಡಿದು "ನೀರು ಕಟ್ಟಿ ಆಯಿತು ಅಮ್ಮ, ಈಗ ರಾತ್ರಿ, ಆಸ್ಪತ್ರೆಯಲ್ಲಿ ಇದ್ದೀವಿ, ನಾನು ನಿನ್ನ ಮಗ" ಅಂತ ನಿಧಾನಕ್ಕೆ ಹೇಳುತ್ತಿರು. ಎಷ್ಟು ಸಲ ಆದರೂ ಹೇಳು.

ಬಸರಾಳು ರಸ್ತೆ · ಬೆಳಿಗ್ಗೆ 6:05

ಕನ್ನಡಕ ಮನೆಯಲ್ಲೇ ಇತ್ತು. ತಂಗಿ ಐದು ಗಂಟೆಗೆ ತಂದಳು. ಹಾಕಿಸಿದ ಮೇಲೆ ಅವಳ ಮುಖ ನೋಡಿ ಹೆಸರು ಹೇಳಿದರು.

ಫಿಸಿಯೋ ಮೈಸೂರು · ಬೆಳಿಗ್ಗೆ 7:15

ಈಗ ನನ್ನ ಸರದಿ. ಇವತ್ತೇ ಎಬ್ಬಿಸಿ ನಿಲ್ಲಿಸಲು ಬರುತ್ತಾರೆ, "ಪಾಪ, ನಾಳೆ ಮಾಡಿ" ಅಂತ ತಡೆಯಬೇಡಿ. ಲೋಹದ ಗುಂಡಿನ ಮೇಲೆ ಪೂರ್ತಿ ಭಾರ ಹಾಕಲು ಸಾಮಾನ್ಯವಾಗಿ ಬಿಡುತ್ತಾರೆ, ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಿ. ಫಿಸಿಯೋಗೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಟ್ಟಿರಲಿ.

ನಮ್ಮ ಕಡೆ ಮನೆಗಳಲ್ಲಿ ಆಪರೇಷನ್ ಕೆಡುವುದು ಕಕ್ಕಸಿನಲ್ಲಿ ಮತ್ತು ಚಾಪೆಯ ಮೇಲೆ. ನೆಲದ ಮೇಲೆ ಕೂರುವುದು, ಕುಕ್ಕರಗಾಲು, ಕಾಲ ಮೇಲೆ ಕಾಲು ಎಲ್ಲಾ ಸದ್ಯಕ್ಕೆ ಬೇಡ, ಗುಂಡು ಬಟ್ಟಲಿನಿಂದ ಜಾರಬಹುದು. ಮನೆಗೆ ಬರುವ ಮೊದಲೇ ಕಮೋಡ್ ಕುರ್ಚಿ ತನ್ನಿ. ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಕೂರುವ ಕುರ್ಚಿ ಮಂಡಿಗಿಂತ ಎತ್ತರ ಇರಲಿ, ಕೈ ಇರುವ ಕುರ್ಚಿ. ಮತ್ತೆ ಹೊಟ್ಟೆಗೆ. ಬರೀ ಗಂಜಿ ಕೊಟ್ಟು ಒಣಗಿಸಬೇಡಿ. ಮೊಟ್ಟೆ, ಬೇಳೆ, ಹಾಲು, ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಬಸರಾಳು ರಸ್ತೆ · ಬುಧವಾರ, ಮಧ್ಯಾಹ್ನ 12:20

ನಿಂತರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಸುಸ್ತಾಗಿ ಕುರ್ಚಿ ಎಳೆದುಕೊಟ್ಟೆವು. ಎಡಗಾಲಿನ ಪಾದ ನೆಟ್ಟಗೆ ಮುಂದಕ್ಕೆ ನೋಡುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ.

ಪಟ್ಟಣದ ಸೊಸೆ · ಮಧ್ಯಾಹ್ನ 12:24

ಕಣ್ಣಲ್ಲಿ ನೀರು ಬಂತು.

ನಾಗಮಂಗಲದವನು · ಮಧ್ಯಾಹ್ನ 1:10

ತುಂಬಾ ಸಂತೋಷ ತಮ್ಮಾ. ಪಿಜಿ ಡಾಕ್ಟರೇ, ನಮ್ಮ ಅತ್ತೆಗೆ 70. ಹೋದ ವರ್ಷ ಜಗಲಿಯಿಂದ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಅವರಿಗೂ ಸೊಂಟ ಮುರಿಯದ ಹಾಗೆ ಏನಾದರೂ ಮಾಡಲು ಬರುತ್ತಾ?

ಮೂಳೆ ಪಿಜಿ · ಮಧ್ಯಾಹ್ನ 2:05

ಬರುತ್ತೆ ಅಣ್ಣಾ, ಕೇಳಿದ್ದು ಒಳ್ಳೆಯದಾಯಿತು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದರೆ ಮೂಳೆ ಸವೆದಿದೆ ಅಂತ ಅನುಮಾನಿಸಬೇಕು. ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡುವ ಡೆಕ್ಸಾ ಅನ್ನುವ ಸ್ಕ್ಯಾನ್ ಮಾಡಿಸಿ, ಅದರ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಔಷಧಿ ಬೇಕು. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಅಂತ ಇದೆ. ಸೊಂಟ ಮುರಿದು ಆಪರೇಷನ್ ಆದ 2127 ಜನರಲ್ಲಿ ಸುಮಾರು ಅರ್ಧ ಜನರಿಗೆ ಇದನ್ನು ಕೊಟ್ಟು, ಉಳಿದವರ ಜೊತೆ ಹೋಲಿಸಿ ನೋಡಿ 2007ರಲ್ಲಿ ವರದಿ ಬಂತು. ಹೊಸದಾಗಿ ಮುರಿಯುವುದು 35% ಕಮ್ಮಿಯಾಯಿತು, ಸಾವು 28% ಕಮ್ಮಿ. ಕಿಡ್ನಿ ಪರೀಕ್ಷೆ, ವಿಟಮಿನ್ ಡಿ ನೋಡಿ ಕೊಡಬೇಕು.

ಬಸರಾಳು ರಸ್ತೆಯವರೇ, ಇದು ನಿಮಗೂ. ಡಿಸ್ಚಾರ್ಜ್ ಚೀಟಿಯಲ್ಲಿ ಮೂಳೆ ಗಟ್ಟಿಯಾಗುವ ಔಷಧಿ ಬರೆದಿಲ್ಲದಿದ್ದರೆ ಕೇಳಿ. ಬಲಗಡೆ ಸೊಂಟ ಇನ್ನೂ ಇದೆ.

ಬಸರಾಳು ರಸ್ತೆ · ಶುಕ್ರವಾರ, ಬೆಳಿಗ್ಗೆ 10:30

ನಾಳೆ ಮನೆಗೆ ಕಳಿಸುತ್ತಾರೆ. ಮೂರು ವಾರ ಬಿಟ್ಟು ಆ ಡ್ರಿಪ್‌ಗೆ ಬರಲು ಹೇಳಿದ್ದಾರೆ. ಈಗ ಬಚ್ಚಲಿನಲ್ಲಿ ಮೇಸ್ತ್ರಿ ಜೊತೆ ನಿಂತಿದ್ದೇನೆ. ನುಣುಪು ಕಲ್ಲು ಕಿತ್ತು ಒರಟು ಟೈಲ್ಸ್ ಹಾಕಿಸುತ್ತಿದ್ದೇನೆ. ಗೋಡೆಗೆ ಹಿಡಿಕೆ ಎಷ್ಟು ಎತ್ತರಕ್ಕೆ ಹಾಕಿಸಲಿ?

ಫಿಸಿಯೋ ಮೈಸೂರು · ಬೆಳಿಗ್ಗೆ 10:41

ಅಮ್ಮ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತೋ ಅಲ್ಲಿಗೆ. ವಾಕರಿಗೂ ಅದೇ ಅಳತೆ. ಕಮೋಡಿನ ಪಕ್ಕ ಒಂದು, ಬಾಗಿಲ ಹತ್ತಿರ ಒಂದು. ಒದ್ದೆ ಕೈಗೆ ಜಾರದಂಥದ್ದು ನೋಡಿ.

ಬಸರಾಳು ರಸ್ತೆ · ಬೆಳಿಗ್ಗೆ 11:20

ತಂಗಿ ಆಸ್ಪತ್ರೆಯಲ್ಲಿ ಅಮ್ಮನನ್ನು ನಿಲ್ಲಿಸಿ ಟೇಪ್ ಹಿಡಿದಳು. 29 ಇಂಚು. ಮೇಸ್ತ್ರಿ ಗುರುತು ಹಾಕಿದ್ದಾರೆ.